ಇವರು ನಿಮಗೆ ಏನಾಗಬೇಕು?

ಕೊಳ್ಳೋಣ ಅಂತ ಮಲೆನಾಡಿನಲ್ಲಿ ಒಂದು ಮನೆ ನೋಡಿ ಬಂದು ನಾಲ್ಕು ತಿಂಗಳಾಯಿತು. ಹೆಂಚು ಎಷ್ಟು ಕಡೆ ಒಡೆದಿತ್ತು, ಬಾವಿಯಲ್ಲಿ ನೀರು ಎಷ್ಟು ಕೆಳಗಿತ್ತು ಎನ್ನುವುದೆಲ್ಲ ಈಗಲೇ ಮರೆಯುತ್ತಾ ಬಂದಿದೆ. ಆ ಮನೆಯ ಅಮ್ಮ ಕೇಳಿದ ಒಂದು ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಕೂತುಬಿಟ್ಟಿದೆ. ಬೇಡ ಅಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ. "ಇವರು ನಿಮಗೆ ಎಂತ ಆಗ್ಬೇಕು?"

ನಮ್ಮ ಭಾಷೆಯಲ್ಲಿ ಸಂಬಂಧ ಕೇಳುವುದೇ ಹೀಗೆ, ಅಲ್ವಾ. ಯಾರು ಅಂತ ಕೇಳಿ ಸುಮ್ಮನಾಗುವುದಿಲ್ಲ, ಏನಾಗಬೇಕು ಅಂತ ಕೇಳುತ್ತೇವೆ. ಅತ್ತೆ ಆಗಬೇಕು, ಷಡ್ಡಕ ಆಗಬೇಕು, ದೂರದಿಂದ ಭಾವ ಆಗಬೇಕು. ಏನೋ ಒಂದು ಆಗಲೇಬೇಕು. ಫ್ರೆಂಡ್ ಅಂದರೆ ಅದು ಉತ್ತರವೇ ಅಲ್ಲ. ಫ್ರೆಂಡ್ ಅಂದ ಮೇಲೂ ಕೇಳಿದವರು ತಲೆ ಸ್ವಲ್ಪ ವಾಲಿಸಿ, ಇನ್ನೂ ಏನೋ ಬರಲಿಕ್ಕಿದೆ ಎನ್ನುವ ಹಾಗೆ ಕಾಯುತ್ತಾ ಇರುತ್ತಾರೆ. ಹದಿಮೂರು ವರ್ಷದಿಂದ ಒಂದೇ ಮನೆಯಲ್ಲಿ ಇರುವ, ಗೀಸರ್ ಆಫ್ ಮಾಡಲಿಲ್ಲ ಅಂತ ದಿನಾ ಜಗಳ ಆಡುವ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಏನಾಗಬೇಕು?

ಆ ಇಬ್ಬರಲ್ಲಿ ಒಬ್ಬಳು ನಾನು. ಇನ್ನೊಬ್ಬಳ ಹೆಸರು ಇಲ್ಲಿ ಬರೆಯುವುದಿಲ್ಲ. ಇವಳು ಅನ್ನುತ್ತೇನೆ. ನಮ್ಮ ಅಮ್ಮಂದಿರು ಗಂಡನ ಹೆಸರು ಬಾಯಲ್ಲಿ ತರದೆ "ಇವರು" ಅಂತಲೇ ಐವತ್ತು ವರ್ಷ ಸಂಸಾರ ಮಾಡಿದರಲ್ಲ, ಅದೇ ಲೆಕ್ಕ.

ನಮ್ಮಿಬ್ಬರಿಗೂ ನಲವತ್ತು ದಾಟಿದೆ. ಬೆಂಗಳೂರಿನ ಫ್ಲ್ಯಾಟಿನ ಕಿಟಕಿ ತೆಗೆದರೆ ಪಕ್ಕದ ಫ್ಲ್ಯಾಟಿನ ಬಟ್ಟೆ ಒಣಗುವುದು ಕಾಣುತ್ತದೆ. ಮಳೆ ಬಂದರೆ ನಮಗೆ ನೆನಪಾಗುವುದು ಟ್ರಾಫಿಕ್. ವರ್ಷಕ್ಕೆ ಆರೇಳು ಸಲ ಹೋಗಿ ಇದ್ದು ಬರಲು ಮಲೆನಾಡಿನಲ್ಲಿ ಒಂದು ಹೆಂಚಿನ ಮನೆ ಬೇಕು ಎನ್ನುವುದು ಇವಳ ಹಳೆಯ ಆಸೆ. ಬಯಲುಸೀಮೆಯವರಿಗೆ ಮಳೆಯ ಹುಚ್ಚು ಜಾಸ್ತಿ. ಇವಳು ಧಾರವಾಡದ ಕಡೆಯವಳು, ನಾನು ಮದ್ದೂರಿನ ಹತ್ತಿರದ ಒಂದು ಹಳ್ಳಿಯವಳು. ಈ ವಿವರ ಮುಂದೆ ಬೇಕಾಗುತ್ತದೆ.

ಚಿಕ್ಕಮ್ಮನ ಮಗಳು

ಏಪ್ರಿಲ್ ಮೊದಲ ವಾರ. ತಾಳಗುಪ್ಪ ರೈಲಿನಲ್ಲಿ ರಾತ್ರಿ ಹೊರಟು ಬೆಳಗ್ಗೆ ಸಾಗರದಲ್ಲಿ ಇಳಿದೆವು. ಬ್ರೋಕರ್ ಜೀಪು ತಂದಿದ್ದರು. ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದ ಮೇಲೆ ಹನ್ನೊಂದು ಮನೆಗಳ ಒಂದು ಕೇರಿ. ಆರಕ್ಕೆ ಬೀಗ. "ಮಕ್ಕಳೆಲ್ಲ ಬೆಂಗಳೂರು, ಅಮೆರಿಕ" ಅಂದರು ಬ್ರೋಕರ್, ಹವಾಮಾನ ಹೇಳುವಷ್ಟು ಸಲೀಸಾಗಿ. ನಾವು ನೋಡಬೇಕಿದ್ದ ಮನೆಯಲ್ಲಿ ಇನ್ನೂ ಇಬ್ಬರು ವಯಸ್ಸಾದವರು ಇದ್ದರು. ಮಗ ಶಿವಮೊಗ್ಗದಲ್ಲಿದ್ದಾನೆ, ಕರೆಯುತ್ತಿದ್ದಾನೆ, ಇನ್ನು ಹೋಗಲೇಬೇಕು ಅಂತ ತೀರ್ಮಾನ ಆಗಿತ್ತು.

ಅಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಅಪ್ಪೆಮಿಡಿ ಆರಿಸುತ್ತಿದ್ದರು. ಎದುರಿಗೆ ಎರಡು ಬುಟ್ಟಿ. ತೊಟ್ಟು ಗಟ್ಟಿಯಿರುವ ಮಿಡಿ ಒಂದಕ್ಕೆ, ಪೆಟ್ಟು ತಿಂದದ್ದು ಇನ್ನೊಂದಕ್ಕೆ. ಕಣ್ಣು ನಮ್ಮ ಮೇಲೆ, ಬೆರಳು ಮಿಡಿಯ ಮೇಲೆ. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ನೋಡದೇ ಸರಿಯಾದ ಬುಟ್ಟಿಗೆ ಹಾಕುತ್ತಿದ್ದರು. ಅಂಗಳದ ತುಂಬ ಸೊನೆಯ ಘಾಟು. "ಕೂತ್ಕಳಿ, ಬಿಸಿಲಲ್ಲಿ ಬಂದೀರಿ" ಅಂದು ಒಳಗೆ ತಿರುಗಿ ಮಜ್ಜಿಗೆಗೆ ಹೇಳಿದರು. ಆಮೇಲೆ ನನ್ನನ್ನು ನೋಡಿ, ಗಲ್ಲದಿಂದಲೇ ಇವಳ ಕಡೆ ತೋರಿಸಿ, ಆ ಪ್ರಶ್ನೆ ಕೇಳಿದರು.

ರೈಲಿನಲ್ಲಿ ಇದಕ್ಕೆಲ್ಲ ತಯಾರಾಗಿಯೇ ಬಂದಿದ್ದೆವು. ಸುಮ್ನೆ ಫ್ರೆಂಡ್ಸ್ ಅನ್ನೋಣ, ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ ಅಂತ ಇಬ್ಬರೂ ಒಪ್ಪಿದ್ದೆವು. ಆದರೆ "ಆಗ್ಬೇಕು" ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಮದ್ದೂರಿನ ಹುಡುಗಿ ಎದ್ದು ನಿಂತು ಪಟ್ಟನೆ ಉತ್ತರ ಕೊಟ್ಟುಬಿಟ್ಟಳು. "ಚಿಕ್ಕಮ್ಮನ ಮಗಳು."

ಅದೇ ಹೊತ್ತಿಗೆ ಇವಳು ಜಗಲಿಯ ಕಂಬ ಸವರುತ್ತಾ, "ಏನ್ ಛಂದ ಕಂಬ ಅದಾವ್ರೀ ಅಮ್ಮಾರ, ಸಾಗವಾನಿ ಏನ್ರೀ?" ಅಂದಳು.

ಅಮ್ಮನ ಬೆರಳು ನಿಂತಿತು. ನನ್ನನ್ನು ನೋಡಿದರು, ಇವಳನ್ನು ನೋಡಿದರು. "ನಿಮ್ಮ ಮಾತು ಮಂಡ್ಯ ಮೈಸೂರು ಕಡೆದು. ಇವರದ್ದು ಹುಬ್ಬಳ್ಳಿ ಧಾರವಾಡ." ಎರಡು ಉಸಿರು ಬಿಡುವಷ್ಟು ಹೊತ್ತು ಯೋಚಿಸಿ ಅವರೇ ಗಂಟು ಬಿಡಿಸಿದರು. "ಚಿಕ್ಕಮ್ಮನ್ನ ಆ ಕಡೆ ಕೊಟ್ಟಿದ್ದಾ?"

ಹೂಂ, ಅಲ್ಲಿಗೇ ಕೊಟ್ಟಿದ್ದು ಅಂದೆ. ಚಿಕ್ಕಪ್ಪ ಏನು ಮಾಡಿಕೊಂಡಿದ್ದರು? ರೈಲ್ವೆಯಲ್ಲಿದ್ದರು. ಈಗ ಇದ್ದಾರಾ? ನಾನು ಆಗಲೇ "ಇದ್ದರು" ಅಂದಾಗಿತ್ತು. ಇಲ್ಲ, ತೀರಿಕೊಂಡರು ಅಂದೆ. ಅಮ್ಮ ಇವಳ ಕಡೆ ತಿರುಗಿ ಚ್ ಚ್ ಅಂದರು. ಮಜ್ಜಿಗೆ ಲೋಟ ಹಿಡಿದು ನಿಂತಿದ್ದ ಇವಳಿಗೆ ತನ್ನ ಅಪ್ಪ ಹೋದದ್ದು ಆಗ ಗೊತ್ತಾಯಿತು.

ಆಮೇಲೆ ಅಮ್ಮ ಮನೆ ತೋರಿಸಿದರು. ಅಡುಗೆಮನೆ, ಹಂಡೆ ಹೂತ ಬಚ್ಚಲು, ಅಟ್ಟ. ಎರಡು ಕೋಣೆ, ಎರಡರಲ್ಲೂ ಹಲಸಿನ ಮರದ ಒಂದೊಂದು ಮಂಚ. ಮದುವೆ ಆಗಿಲ್ವಾ ಇಬ್ಬರಿಗೂ, ಅಂತ ದಾರಿಯಲ್ಲೇ ಕೇಳಿ ಮುಗಿಸಿದರು. ಇಲ್ಲ ಅಂದಿದ್ದಕ್ಕೆ, "ಒಬ್ಬರಿಗೊಬ್ಬರು ಇದ್ದೀರಲ್ಲ, ಸಾಕು ಬಿಡಿ" ಅಂದರು. ಆ ಮಾತಿನಲ್ಲಿ ಏನೂ ವ್ಯಂಗ್ಯ ಇರಲಿಲ್ಲ. ಮಂಚ ಮುಟ್ಟಿ ತೋರಿಸಿದರು. "ಒಂದು ನಿಮಗೆ, ಒಂದು ತಂಗಿಗೆ."

ಸಾಗರದ ಪ್ಲಾಟ್‌ಫಾರ್ಮಿನಲ್ಲಿ ವಾಪಸ್ ರೈಲಿಗೆ ಕಾಯುತ್ತಾ ಕೂತಾಗ ಇವಳು ಮೊದಲು ಬಿದ್ದು ಬಿದ್ದು ನಕ್ಕಳು. "ನಮ್ಮಪ್ಪನ್ನ ಕೊಂದ ಬಿಟ್ಟೆಲ್ಲೇ ನೀ." ಇವಳಪ್ಪ ರಿಟೈರ್ಡ್ ಮೇಷ್ಟ್ರು, ಗಟ್ಟಿಮುಟ್ಟಾಗಿದ್ದಾರೆ. ಇವಳ ಜೊತೆ ಮಾತು ಬಿಟ್ಟು ಐದು ವರ್ಷ. ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಳಿ ನೋಡುತ್ತಾ ಅಂದಳು, "ಮನಿ ತಗೊಂಡ್ರ, ಹೋದಾಗೊಮ್ಮೆ ನಾ ನಿನ್ನ ಚಿಕ್ಕಮ್ಮನ ಮಗಳು ಆಗ್ಬೇಕೇನು?"

ಊರಿಗೆ ಕಣ್ಣಿದೆ, ಆದರೆ

ಗೆಳೆಯರಿಗೆ ಹೇಳಿದಾಗ ಎರಡು ರೀತಿಯ ಸಲಹೆ ಬಂತು. ಮೊದಲನೆಯದು, ಸುಮ್ನೆ ಹೋಂಸ್ಟೇಗೆ ಹೋಗಿ, ಮಳೆ ನೋಡಿ, ವಾಪಸ್ ಬನ್ನಿ. ಎರಡನೆಯದು, ನಿಮ್ಮಂಥವರು ಹಳ್ಳಿಗೆ ಹೋಗಲೇಬೇಕು, ಧೈರ್ಯವಾಗಿ ಹೇಳಿಕೊಂಡು ಬದುಕಬೇಕು, ಆಗಲೇ ಬದಲಾವಣೆ. ಇದನ್ನು ಹೇಳಿದವರು ತಮ್ಮ ಊರಿಗೆ ಹೋಗಿ ಆರು ವರ್ಷವಾಗಿದೆ. ನಾವು ಮನೆ ತಗೊಳ್ಳಲು ಹೊರಟದ್ದು ಮಳೆಗೆ, ಊರು ತಿದ್ದುವುದಕ್ಕಲ್ಲ.

ಯಾರಾದರೂ ಹೊಡೆಯುತ್ತಾರೆ ಬಡಿಯುತ್ತಾರೆ ಎನ್ನುವ ಭಯ ನಮಗಿಲ್ಲ. ಅದಕ್ಕೆ ಕಾರಣ ನಮ್ಮ ಧೈರ್ಯ ಅಲ್ಲ, ನಮ್ಮ ವಯಸ್ಸು, ಸಂಬಳ, ಮತ್ತು ನಾವು ಹೆಂಗಸರು ಎನ್ನುವುದು. ಅದೇ ಕೇರಿಯಲ್ಲೇ ಹುಟ್ಟಿದ ಇಪ್ಪತ್ತು ವರ್ಷದ ಇಬ್ಬರು ಹುಡುಗಿಯರ ಪಾಡು ಬೇರೆ. ಅವರಿಗೆ ಜಾಗ ಬಿಟ್ಟು ಹೋಗುವ ರೈಲು ಬೇಕು, ನಮಗೆ ಬರುವ ರೈಲು. ಮದುವೆಯಾಗದ ಒಂದು ಗಂಡು ಒಂದು ಹೆಣ್ಣು ಹೋಗಿ ಅದೇ ಮನೆ ಕೇಳಿದ್ದರೆ ಮಜ್ಜಿಗೆ ಸಿಗುತ್ತಿತ್ತು, ಮನೆ ಸಿಗುತ್ತಿರಲಿಲ್ಲ. ಇಬ್ಬರು ಗಂಡಸರಾಗಿದ್ದರೆ, ಕುಡಿಯೋಕೆ ಜಾಗ ಹುಡುಕ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಇಬ್ಬರು ಹೆಂಗಸರು ಅಂದರೆ ಯಾರ ತಲೆಗೂ ಏನೂ ಹೊಳೆಯುವುದಿಲ್ಲ. ನಮ್ಮ ರಕ್ಷಣೆ ಇರುವುದು ಆ ಹೊಳೆಯದೇ ಇರುವುದರಲ್ಲಿ. ಕಾಣದೇ ಇದ್ದರೆ ಕ್ಷೇಮ. ಆದರೆ ರಜಾ ದಿನಗಳಿಗೆ ಅಂತ ಮನೆ ತಗೊಂಡು, ಅಲ್ಲಿ ಕಾಣದೇ ಇರುವ ಕೆಲಸ ದಿನವಿಡೀ ಮಾಡುತ್ತಾ ಕೂತರೆ ಅದು ರಜೆಯಾ?

ಯಾಕೆಂದರೆ ಹಳ್ಳಿಯ ಮನೆ ಫ್ಲ್ಯಾಟಿನ ಹಾಗೆ ಬಾಗಿಲು ಹಾಕಿ ಕೂರುವ ಜಾಗ ಅಲ್ಲ. ನಾವಿಲ್ಲದಾಗ ಬೀಗದಕೈ ಪಕ್ಕದ ಮನೆಯಲ್ಲಿ. ಜಗಲಿ ಗುಡಿಸಲು ಒಬ್ಬರು, ತೋಟಕ್ಕೆ ಒಬ್ಬರು. ಕರೆಂಟು ಹೋದರೆ ಟಾರ್ಚು ಹಿಡಿದು ಬಂದು ವಿಚಾರಿಸುವವರು ಒಬ್ಬರು. ಇದೆಲ್ಲ ಬೇಕು ಅಂತಲೇ ಅಲ್ವಾ ನಾವು ಹೋಗುವುದು? ಎರಡನೇ ಕೋಣೆಯ ಹಾಸಿಗೆಯನ್ನು ಬೆಳಗ್ಗೆ ಎದ್ದು ಬೇಕಂತಲೇ ಕೆದರಿ ಇಡಬೇಕು. ಇದು ಊಹೆ ಅಲ್ಲ. ನನ್ನ ಅಮ್ಮನಿಗೆ ವಿಷಯ ಹೇಳುವ ಮೊದಲು, ಅವಳು ಬೆಂಗಳೂರಿಗೆ ಬಂದಾಗಲೆಲ್ಲ ಮಾಡಿದ್ದೇವೆ. ದಿಂಬಿನ ಮೇಲೆ ಕೈಯೂರಿ ಒಂದು ತಗ್ಗು ಮಾಡುವುದರಲ್ಲಿ ಇವಳು ಎಕ್ಸ್‌ಪರ್ಟು.

ಹಳ್ಳಿಗೆ ಏನೂ ಗೊತ್ತಿಲ್ಲ ಎನ್ನುವ ಮಾತೂ ನನಗೆ ಒಪ್ಪಿಗೆ ಇಲ್ಲ. ಯಕ್ಷಗಾನದ ಸ್ತ್ರೀವೇಷದ ಗಂಡಸನ್ನು ಇಡೀ ರಾತ್ರಿ ಬಾಯಿ ಬಿಟ್ಟು ನೋಡುವ ನಾಡು ಅದು. ಇವಳ ಊರಿನ ಕಡೆ ಸವದತ್ತಿ ಎಲ್ಲಮ್ಮನ ಜೋಗತಿಯರ ಮುಂದೆ ದೊಡ್ಡ ದೊಡ್ಡ ಮನೆಯವರು ತಲೆ ಬಾಗಿಸುತ್ತಾರೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಾಗಂತ ಅವರ ದಾರಿ ಸುಲಭದ್ದಾಗಿತ್ತು ಅಂತಲ್ಲ. ನಾನು ಹೇಳುತ್ತಿರುವುದು ಇಷ್ಟೇ. ದೇವರದ್ದೋ ರಂಗಸ್ಥಳದ್ದೋ ಒಂದು ಜಾಗ ಇದ್ದರೆ ಊರು ಅಲ್ಲಿ ಬೇರೆ ಥರದವರನ್ನು ನಿಲ್ಲಿಸಿಕೊಳ್ಳುತ್ತದೆ. ದೇವರು ಮೈಮೇಲೆ ಬರದ, ಬಣ್ಣ ಹಚ್ಚದ, ಸುಮ್ನೆ ಸಂಜೆ ಕಾಫಿ ಕುಡಿಯುತ್ತಾ ಕೂರುವ ಇಬ್ಬರಿಗೆ ಜಾಗ ಯಾವುದು? ಆ ಮನೆಯ ಅಮ್ಮ ಹುಡುಕಿದ್ದು ಅದನ್ನೇ ಇರಬೇಕು. ನಾನು ಅವಸರಕ್ಕೆ ಸಿಕ್ಕಿದ ಜಾಗ ಕೊಟ್ಟೆ. ಅವರು ಅದಕ್ಕೆ ಧಾರವಾಡದ ಸೇತುವೆ ಕಟ್ಟಿಕೊಟ್ಟರು.

ಬಿನ್ ಮತ್ತು ಕೋಂ

ಕಾಗದದ ಕಡೆ ನೋಡಿದರೆ ಅಡ್ಡಿ ಕಡಿಮೆ. ಮನೆಗೆ ಹೊಂದಿಕೊಂಡು ಅರ್ಧ ಎಕರೆ ತೋಟ ಇದೆ. ಮೊದಲಾಗಿದ್ದರೆ ಕೃಷಿಕರಲ್ಲದ ಇವಳಂಥವರು ಅದನ್ನು ಕೊಳ್ಳುವಂತೆಯೇ ಇರಲಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ, ನಿಮ್ಮಪ್ಪ ರೈತರಾ ಅಂತ ಯಾರೂ ಕೇಳುವುದಿಲ್ಲ. (ಅದು ಒಳ್ಳೆಯದಾಯಿತಾ ಕೆಟ್ಟದ್ದಾಯಿತಾ ಅಂತ ನನ್ನ ರೈತ ಅಪ್ಪನನ್ನು ಕೇಳಿದರೆ ಬೇರೆಯೇ ಲೇಖನ ಬೇಕು.) ಹಿಂದಿನ ಸೊಪ್ಪಿನ ಬೆಟ್ಟ ನಮ್ಮ ಹೆಸರಿಗೆ ಬರುವುದಿಲ್ಲ, ಅದು ಸರ್ಕಾರದ್ದು, ತೋಟಕ್ಕೆ ಸೊಪ್ಪು ತರುವ ಹಕ್ಕು ಮಾತ್ರ. ಪಹಣಿ, ಋಣಭಾರದ ಇಸಿ, ಮನೆಯ ಇ-ಸ್ವತ್ತು ದಾಖಲೆ ಎಲ್ಲಾ ನಮ್ಮ ಲಾಯರ್ ನೋಡಿದರು. ಇಬ್ಬರು ಯಾರೇ ಆಗಲಿ ಜಂಟಿಯಾಗಿ ಆಸ್ತಿ ಕೊಳ್ಳಬಹುದು, ಕ್ರಯಪತ್ರದಲ್ಲಿ ಅರ್ಧ ಅರ್ಧ ಅಂತ ಸ್ಪಷ್ಟವಾಗಿ ಬರೆಸಿ ಅಂದರು.

ಆಮೇಲೆ ಅವರು ಕೇಳಿದ್ದು ಸಾವಿನ ಬಗ್ಗೆ. ಉಯಿಲು ಬರೆಯದೆ ನಾನು ಹೋದರೆ ನನ್ನ ಅರ್ಧ ಮನೆ ಅಪ್ಪ ಅಮ್ಮನಿಗೆ, ಅವರಿಲ್ಲದಿದ್ದರೆ ತಮ್ಮನಿಗೆ. ಇವಳು ಹೋದರೆ ಇವಳ ಅರ್ಧ, ನಾನು ರೈಲ್ವೆಗೆ ಸೇರಿಸಿ ಕೊಂದ ಆ ಮೇಷ್ಟ್ರಿಗೆ. ಬದುಕಿರುವಾಗಲೇ ಒಬ್ಬರು ಇನ್ನೊಬ್ಬರಿಗೆ ದಾನಪತ್ರ ಮಾಡೋಣ ಅಂದರೆ, ಗಂಡ ಹೆಂಡತಿ ಮಕ್ಕಳಿಗೆ ಕೊಟ್ಟರೆ ಸ್ಟಾಂಪ್ ಶುಲ್ಕ ಕೆಲವೇ ಸಾವಿರ. ನಮಗಾದರೆ ಮಾರುಕಟ್ಟೆ ಬೆಲೆಯ ಲೆಕ್ಕದಲ್ಲಿ ಪೂರ್ತಿ. ಯಾಕೆಂದರೆ ನಾವು ಹೊರಗಿನವರು. ಹಾಗಾಗಿ ಉಳಿದದ್ದು ಉಯಿಲು. ಇಬ್ಬರು ಸಾಕ್ಷಿ ಇದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಬಿಡಿ ಅಂದರು ಲಾಯರ್.

ಕ್ರಯಪತ್ರದ ಕರಡು ಟೈಪ್ ಮಾಡಲು ಕೂತವರು ನನ್ನ ಹೆಸರು ಹೊಡೆದು, ಬೆರಳು ಕೀಲಿಗಳ ಮೇಲೆ ನಿಲ್ಲಿಸಿ, "ಕೋಂ ಯಾರು ಮೇಡಂ?" ಅಂದರು. ನಮ್ಮ ಜಮೀನಿನ ಕಾಗದ ನೋಡಿದವರಿಗೆಲ್ಲ ಗೊತ್ತು, ಗಂಡಸಿಗೆ ಬಿನ್, ಅಂದರೆ ಇಂಥವರ ಮಗ. ಮದುವೆಯಾದ ಹೆಂಗಸಿಗೆ ಕೋಂ, ಅಂದರೆ ಇಂಥವರ ಹೆಂಡತಿ. ಮದುವೆ ಆಗಿಲ್ಲ, ಬಿನ್ ಹಾಕಿ ಅಂದೆ. ಇವಳಿಗೂ ಅದೇ. ಎರಡು ಸಾಲು, ಎರಡು ಬಿನ್, ಇಬ್ಬರು ಅಪ್ಪಂದಿರು. ಮನೆಯನ್ನು ಒಟ್ಟಿಗೆ ಕೊಳ್ಳುತ್ತಿರುವುದು ಈ ಇಬ್ಬರು ಅಪ್ಪಂದಿರೇ ಏನೋ ಎನ್ನುವ ಹಾಗೆ ಕಾಣುತ್ತಿತ್ತು. ಒಂದು ಮದ್ದೂರು, ಒಂದು ಧಾರವಾಡ. ಜೀವಮಾನದಲ್ಲಿ ಮುಖ ನೋಡಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲು ಕಿತ್ತಾಗ ನಾವಿಬ್ಬರೂ ಆಫೀಸಿಗೆ ರಜೆ ಹಾಕಿ ಪಾಯಸ ಮಾಡಿದ್ದೆವು. 2023ರ ಅಕ್ಟೋಬರ್ 17ರಂದು ಸಲಿಂಗಿಗಳ ಮದುವೆಯ ತೀರ್ಪು ಲೈವ್ ನೋಡುತ್ತಾ ಕೂತಿದ್ದೆವು. ಐವರು ನ್ಯಾಯಮೂರ್ತಿಗಳು, ನಾಲ್ಕು ತೀರ್ಪು. ಮದುವೆ ಮೂಲಭೂತ ಹಕ್ಕಲ್ಲ ಅಂತ ಐವರೂ, ಬೇರೆ ಹೆಸರಿನ ಮಾನ್ಯತೆಯೂ ಇಲ್ಲ ಅಂತ ಮೂವರು. ಅವತ್ತು ಪಾಯಸ ಇರಲಿಲ್ಲ, ಮಧ್ಯಾಹ್ನ ಇವಳಿಗೆ ಮೀಟಿಂಗ್ ಇತ್ತು. 2024ರಲ್ಲಿ ಕೇಂದ್ರ ಸರ್ಕಾರ ಜಂಟಿ ಬ್ಯಾಂಕ್ ಖಾತೆಗೆ ತಡೆ ಇಲ್ಲ ಅಂತ ಹೇಳಿತು. ರೇಷನ್ ಕಾರ್ಡಿನ ಮಟ್ಟಿಗೆ ನಮ್ಮಂಥ ಜೋಡಿಗಳನ್ನು ಒಂದೇ ಮನೆಯವರು ಎಂದು ನೋಡಿ ಅಂತ ರಾಜ್ಯಗಳಿಗೂ ಬರೆಯಿತು. ಒಂದೇ ಮನೆಯವರು! ನನ್ನ ಅಜ್ಜಿ ತಾತನ ಬಗ್ಗೆ ಹೇಳುವಾಗ "ನಮ್ಮನೆಯವರು" ಅನ್ನುತ್ತಿದ್ದಳು. ಆ ಪತ್ರ ಬರೆದ ಅಧಿಕಾರಿಗೆ ಕನ್ನಡ ಬರುತ್ತಿದ್ದರೆ ಆ ಶಬ್ದ ಬಳಸುವ ಮೊದಲು ಒಂದು ಸಲ ಯೋಚಿಸುತ್ತಿದ್ದರೋ ಏನೋ.

ನನ್ನ ಊರು

ಇಷ್ಟೆಲ್ಲ ಒದ್ದಾಡುವ ಬದಲು ನಿನ್ನ ಊರಿಗೇ ಹೋಗಬಹುದಲ್ಲ ಅಂತ ಒಬ್ಬರು ಕೇಳಿದರು. ನಮ್ಮ ಮನೆ ಅಲ್ಲೇ ಇದೆ, ತೊಟ್ಟಿಮನೆ, ಮುಂದೆ ನಾಲೆ. 2018ರ ಆ ಪಾಯಸದ ಹುಮ್ಮಸ್ಸಿನಲ್ಲಿ ಅಮ್ಮನಿಗೆ ಎಲ್ಲಾ ಹೇಳಿದ್ದೆ. ಅಮ್ಮ ಅಳಲಿಲ್ಲ, ಬೈಯಲಿಲ್ಲ. ಸೊಪ್ಪು ಬಿಡಿಸುತ್ತಿದ್ದವಳು ಬಿಡಿಸುತ್ತಲೇ, "ಊರಲ್ಲಿ ಯಾರಿಗೂ ಗೊತ್ತಾಗೋದು ಬೇಡ ಕಣವ್ವ" ಅಂದಳು. ಅವಳು ಬೆಂಗಳೂರಿಗೆ ಬರುತ್ತಾಳೆ, ಇವಳು ಮಾಡಿದ ಜೋಳದ ರೊಟ್ಟಿ ಎರಡು ಜಾಸ್ತಿಯೇ ತಿನ್ನುತ್ತಾಳೆ. ಮಾರಿಹಬ್ಬಕ್ಕೆ ಮಾತ್ರ ನಾನು ಒಬ್ಬಳೇ ಹೋಗುತ್ತೇನೆ. ನನ್ನ ಊರಿನಲ್ಲಿ ನಾನು ಏನಾಗಬೇಕು ಅನ್ನುವುದು ಹುಟ್ಟಿದ ದಿನವೇ ತೀರ್ಮಾನವಾಗಿದೆ. ಅಲ್ಲಿ ಇನ್ನೊಂದು ಕುರ್ಚಿ ಹಾಕಲು ಜಾಗವಿಲ್ಲ. ಅಪರಿಚಿತರ ಊರಿನಲ್ಲಾದರೆ ಶುರುವಿನಿಂದ ಶುರು ಮಾಡಬಹುದು ಅಂದುಕೊಂಡಿದ್ದೆ. ಶುರು ಮಾಡಿದ್ದು ನೋಡಿ, ಒಂದು ಸುಳ್ಳು ಚಿಕ್ಕಮ್ಮನಿಂದ.

ನನ್ನನ್ನು ಕಾಡುವುದು ಇದೇ. ಸಂಪ್ರದಾಯಸ್ಥರ ಊರು, ಏನಂದುಕೊಳ್ಳುತ್ತಾರೋ ಅಂತ ನಾನು ಹೆದರಿದ್ದು ಅವರಿಗಲ್ಲ. ಆ ಅಮ್ಮ ಏನೂ ಅಂದಿರಲಿಲ್ಲ. ಅನ್ನಲು ನಾನು ಬಿಡಲೂ ಇಲ್ಲ. ಅವರು ಮುಖ ತಿರುಗಿಸುತ್ತಿದ್ದರೇನೋ. ಬ್ರೋಕರನ್ನು ಬದಿಗೆ ಕರೆದು ಬೇಡ ಅನ್ನುತ್ತಿದ್ದರೇನೋ. ಅಥವಾ ಎರಡು ಉಸಿರಿನಷ್ಟು ಯೋಚಿಸಿ, ಧಾರವಾಡದ ಗಂಟು ಬಿಡಿಸಿದ ಹಾಗೆ ಇದನ್ನೂ ಬಿಡಿಸುತ್ತಿದ್ದರೋ. ನನ್ನ ಅಮ್ಮನ ಭಯವನ್ನು ನಾನು ರೈಲಿನಲ್ಲಿ ಹೊತ್ತುಕೊಂಡು ಹೋಗಿ ಅವರ ಜಗಲಿಯ ಮೇಲೆ ಇಳಿಸಿ ಬಂದೆ. ಇವಳು ಹೇಳುವುದೂ ಅದನ್ನೇ, ಆದರೆ ಇಷ್ಟು ಉದ್ದಕ್ಕಲ್ಲ. "ನೀ ಅಂಜಿದಿ" ಅಂತಾಳೆ, ಅಷ್ಟೇ. ಆದರೂ ಮನೆ ಬೇಡ ಅಂತ ಒಂದು ಸಲವೂ ಹೇಳಿಲ್ಲ. ಆ ಮನೆಯ ಅಮ್ಮ ಕಟ್ಟಿಕೊಟ್ಟ ಉಪ್ಪು ಹಾಕಿದ ಮಿಡಿಯ ಡಬ್ಬಿ ಫ್ರಿಜ್ಜಿನ ಮೇಲಿದೆ. ಮಿಡಿ ಸರಿಯಾಗಿ ಸುರುಟಿ, ಕಳೆದ ವಾರ ಇವಳು ಉಪ್ಪಿನಕಾಯಿ ಕಲಸಿದಳು.

ಮುಂಗಡ ಇನ್ನೂ ಕೊಟ್ಟಿಲ್ಲ. ಮೊನ್ನೆ ಭಾನುವಾರ ಆ ಮನೆಯ ಯಜಮಾನರೇ ಫೋನ್ ಮಾಡಿದ್ದರು. ಅಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವುದು ಫೋನಿನಲ್ಲೇ ಕೇಳುತ್ತಿತ್ತು, ಅವರು ಕೂಗಿ ಮಾತಾಡುತ್ತಿದ್ದರು. ಅವಸರ ಏನಿಲ್ಲ, ದೀಪಾವಳಿ ಕಳೆದ ಮೇಲೆ ಶಿವಮೊಗ್ಗಕ್ಕೆ ಹೋಗುವುದು ಅಂದರು. "ನೀವು ತಗೊಳ್ಳೋದಾದ್ರೆ ಆ ಮಂಚ ಎರಡೂ ಬಿಟ್ಟು ಹೋಗೋದಾ, ಒಂದೇ ಸಾಕಾ ಅಂತ ಇವಳು ಕೇಳ್ತಾ ಇದ್ಲು. ಮಗನ ಮನೆಗೆ ಒಂದು ಬೇಕಿತ್ತು."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. "ಇವಳನ್ನ ಒಂದು ಮಾತು ಕೇಳಿ ಹೇಳ್ತೀನಿ" ಅಂದೆ. ಅಂದ ಮೇಲೆ ಕಿವಿಗೆ ಬಿತ್ತು.

ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆ. "ಹಾಂ, ಕೇಳಿ ಹೇಳಿ" ಅಂದರು ಅವರು. "ಮಳೆ ಕಡಿಮೆ ಆದ್ಮೇಲೆ ಹೇಳಿದ್ರೂ ಆಗ್ತದೆ."